ಗರಡಿಯಿಂದ ಕಾಲೇಜಿನ ಅಂಗಳಕ್ಕೆ

ಒಂದು ವಿಷಯದ ಚರಿತ್ರೆಯನ್ನು ಅರಿಯಬೇಕಾದರೆ ಜನ ಅದಕ್ಕೆ ಕೊಟ್ಟ ಹೆಸರುಗಳನ್ನು ಮೊದಲು ವಿಚಾರಿಸಬೇಕು. ಕಾಲೇಜುಗಳಲ್ಲಿ ಇಂದು ದೈಹಿಕ ಶಿಕ್ಷಣ ಎನ್ನಿಸಿಕೊಳ್ಳುವುದನ್ನು ಹಿಂದಿನ ತಲೆಮಾರಿನವರು ಅಂಗಸಾಧನೆ ಎನ್ನುತ್ತಿದ್ದರು. ಶಾಲೆಯ ಹುಡುಗರ ಬಾಯಲ್ಲಿ ಅದು ಡ್ರಿಲ್ಲು. ಕಲಿಸುವವರು ಡ್ರಿಲ್ ಮೇಷ್ಟ್ರು. ಅದಕ್ಕೂ ಹಿಂದಿನ ಹೆಸರು ಕವಾಯತು. ಹಳ್ಳಿಯವರಿಗೆ ಅದು ಸಾಮು. ಸಾಮು ಮಾಡುವ ಮನೆ ಗರಡಿ. ಇವು ಒಂದೇ ವಸ್ತುವಿನ ಪರ್ಯಾಯನಾಮಗಳೆಂದು ತಿಳಿಯಬಾರದು. ಗರಡಿ ಎಂದೊಡನೆ ಒಬ್ಬ ಗುರು, ಅವನ ಕೆಲವು ಶಿಷ್ಯರು, ಕೆಮ್ಮಣ್ಣಿನ ಅಂಕಣ ಕಣ್ಣಿಗೆ ಕಟ್ಟುತ್ತವೆ. ಕವಾಯತು ಎಂಬುದು ಅರಬ್ಬಿಯಿಂದ ಉರ್ದುವಿಗೆ, ಅಲ್ಲಿಂದ ನಮ್ಮ ನುಡಿಗೆ ಬಂದ ಮಾತು. ಅದರ ಮೂಲಾರ್ಥ ‘ನಿಯಮಗಳು’. ಉರ್ದುವಿನಲ್ಲಿ ವ್ಯಾಕರಣಕ್ಕೂ ಅದೇ ಹೆಸರು. ಸಾಲಾಗಿ ನಿಂತವರೆಲ್ಲ ಒಂದೇ ಸೂತ್ರಕ್ಕೆ ಕೈಕಾಲು ಆಡಿಸುವುದನ್ನು ದೇಹದ ವ್ಯಾಕರಣವೆಂದರೆ ತಪ್ಪಾಗದು. ಆದರೆ ವ್ಯಾಕರಣ ಕಲಿತವರೆಲ್ಲರೂ ಭಾಷೆಯ ಸವಿಯನ್ನು ಕಂಡವರಲ್ಲವೆಂಬುದನ್ನು ಭಾಷೆಯ ಅಧ್ಯಾಪಕನಾಗಿದ್ದ ನಾನು ಬಲ್ಲೆ. ದೇಹದ ಶಿಕ್ಷಣಕ್ಕೂ ಈ ಮಾತು ಸಲ್ಲುತ್ತದೆಯೆ ಎಂಬುದೇ ಇಂದಿನ ನನ್ನ ಭಾಷಣದ ಪ್ರಶ್ನೆ.

ಈ ಪ್ರಶ್ನೆಯನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಕೇಳಲು ಕಾರಣವಿದೆ. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಮತ್ತು ಎಂಟನೆಯ ಸಂಪುಟಗಳನ್ನು ತೆರೆದವರಿಗೆ ಈ ಎರಡು ತಾಲ್ಲೂಕುಗಳು ಶಾಸನಗಳ ಎಂಥ ಕಣಜವೆಂಬುದು ತಿಳಿದೀತು. ವಿದ್ಯೆ ಒಂದು ಕಡೆ, ಮೈಯ ಕಸುವು ಇನ್ನೊಂದು ಕಡೆ, ಎರಡರ ಕಥೆಯನ್ನೂ ಇಲ್ಲಿಯ ಕಲ್ಲುಗಳು ಹೇಳುತ್ತವೆ. ಇಂದು ಎರಡೂ ಪಟ್ಟಣಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಸುತ್ತಲಿನ ಹಳ್ಳಿಗಳ ಹುಡುಗರೂ ಹುಡುಗಿಯರೂ ಅಲ್ಲಿ ಪದವಿಗಾಗಿ ಓದುತ್ತಾರೆ. ಹಳೆಯ ಕಲ್ಲಿನ ಕಥೆಗೂ ಈ ಹೊಸ ಅಂಗಳಕ್ಕೂ ಇರುವ ದೂರವನ್ನು ಅಳೆದು ನೋಡೋಣ.

ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಸ್ತಂಭಶಾಸನ ಐದನೆಯ ಶತಮಾನದ್ದು; ಕದಂಬ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದು. ಅದರ ನಾಯಕ ಮಯೂರಶರ್ಮ ಮೊದಲಿಗೆ ಒಬ್ಬ ವಿದ್ಯಾರ್ಥಿ. ಗುರು ವೀರಶರ್ಮನೊಡನೆ ವೇದಾಧ್ಯಯನಕ್ಕಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದವನು ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಉಂಟಾದ ಕಲಹದಿಂದ ಅಪಮಾನಿತನಾಗಿ ಕತ್ತಿ ಹಿಡಿದ ಕಥೆ ಎಲ್ಲರಿಗೂ ಗೊತ್ತಿರುವುದೇ. ಇಲ್ಲಿ ಗಮನಿಸಬೇಕಾದದ್ದು ಕವಿ ಅದನ್ನು ಹೇಳುವ ಬಗೆ. ದರ್ಭೆ, ಸಮಿತ್ತು, ಸ್ರುಕ್ಕುಗಳನ್ನು ಹಿಡಿದು ಪಳಗಿದ ಕೈ ಈಗ ಕತ್ತಿಯನ್ನು ಒರೆಯಿಂದ ಸೆಳೆಯಿತು ಎಂಬ ಅರ್ಥ ಬರುವಂತೆ ಅವನು ಆ ಕೈಯನ್ನೇ ಎತ್ತಿ ತೋರಿಸುತ್ತಾನೆ. ಓದುವ ಕೈಗೂ ಹೋರುವ ಕೈಗೂ ಇರುವ ಅಂತರ ಆ ಕಾಲಕ್ಕೇ ಎದ್ದು ಕಾಣುವಷ್ಟಿತ್ತು. ಘಟಿಕಾಸ್ಥಾನ ಅವನ ಮೈಯನ್ನು ಪಳಗಿಸಲಿಲ್ಲ. ಪಲ್ಲವರ ಗಡಿಕಾವಲಿನವರನ್ನು ಸೋಲಿಸಿ ಅವನು ಸೇರಿದ ಶ್ರೀಪರ್ವತದ ದುರ್ಗಮವಾದ ಕಾಡೇ ಅವನಿಗೆ ಗರಡಿಯಾಗಿರಬೇಕು.

ತಾಳಗುಂದದಿಂದ ಕೆಲವೇ ಮೈಲಿ ಆಚೆಗೆ ಬಳ್ಳಿಗಾವಿ. ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ ಮೆರೆದ ಊರು. ಅಲ್ಲಿಯ ಕೋಡಿಯಮಠವನ್ನು ಬಣ್ಣಿಸುವ 1162ರ ಶಾಸನ ನಮ್ಮ ಶಿಕ್ಷಣದ ಚರಿತ್ರೆಯಲ್ಲಿ ಬಹು ಮುಖ್ಯವಾದದ್ದು. ವೇದಗಳು, ಕೌಮಾರ ಪಾಣಿನೀಯ ಶಾಕಟಾಯನ ಮೊದಲಾದ ವ್ಯಾಕರಣಗಳು, ಷಡ್ದರ್ಶನಗಳು, ಲಾಕುಳ ಸಿದ್ಧಾಂತ, ಪಾತಂಜಲ ಮೊದಲಾದ ಯೋಗಶಾಸ್ತ್ರಗಳು, ಪುರಾಣಗಳು, ಕಾವ್ಯ ನಾಟಕಗಳು ಎಲ್ಲಕ್ಕೂ ಅದು ನೆಲೆಯಾಗಿತ್ತು. ದೀನರಿಗೆ ಅನ್ನ, ರೋಗಿಗಳಿಗೆ ಔಷಧ ಅಲ್ಲಿ ದೊರೆಯುತ್ತಿದ್ದವು. ಒಂದು ವಿಶ್ವವಿದ್ಯಾನಿಲಯ, ಒಂದು ಆಸ್ಪತ್ರೆ, ಒಂದು ಅನ್ನಛತ್ರ ಒಂದೇ ಆವರಣದಲ್ಲಿ! ಆದರೂ ಆ ದೀರ್ಘವಾದ ಪಟ್ಟಿಯಲ್ಲಿ ವ್ಯಾಯಾಮಕ್ಕೆ ಸ್ಥಾನವಿಲ್ಲ. ಯೋಗವಿದೆ, ಆದರೆ ಅದು ಶಾಸ್ತ್ರಗಳ ಸಾಲಿನಲ್ಲಿ ಇದೆ.

ಹಾಗಾದರೆ ವ್ಯಾಯಾಮದ ಶಾಸ್ತ್ರ ಆ ಕಾಲದಲ್ಲಿ ಇರಲಿಲ್ಲವೆ? ಧಾರಾಳವಾಗಿ ಇತ್ತು, ಇದ್ದದ್ದು ಅರಮನೆಯಲ್ಲಿ. ಬನವಾಸಿ ನಾಡು ಯಾರ ಆಳ್ವಿಕೆಗೆ ಒಳಪಟ್ಟಿತ್ತೋ ಆ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಕೋಡಿಯಮಠದ ಶಾಸನಕ್ಕಿಂತ ಸುಮಾರು ಮೂವತ್ತು ವರ್ಷ ಮೊದಲು ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ಅದರ ಮಲ್ಲವಿನೋದದ ಭಾಗದಲ್ಲಿ ಜಟ್ಟಿಗಳ ವರ್ಗೀಕರಣ, ಅವರ ಆಹಾರ, ಅವರ ನಿತ್ಯದ ಸಾಧನೆ ಎಲ್ಲವೂ ಕ್ರಮವಾಗಿ ಬಂದಿವೆ. ಭಾರ ಎತ್ತುವ ಭಾರಶ್ರಮ, ನಡೆಯುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ, ಕಂಬವನ್ನು ಅವಲಂಬಿಸಿದ ಸ್ತಂಭಶ್ರಮ: ಇಂದಿನ ವ್ಯಾಯಾಮ ತರಗತಿಯ ಯಾವ ಅಧ್ಯಾಪಕನೂ ಈ ಪಟ್ಟಿಯನ್ನು ತಳ್ಳಿಹಾಕಲಾರ. ಇನ್ನೊಂದು ಸೋಜಿಗವೆಂದರೆ ಕ್ರೀಡೆಗಳನ್ನು ಕುರಿತ ವಿಂಶತಿ. ಬೆಟ್ಟದ ಮೇಲಿನ ಭೂಧರಕ್ರೀಡೆ, ವನಕ್ರೀಡೆ, ತೋಯಕ್ರೀಡೆ, ಹಸುರು ಹುಲ್ಲಿನ ಮೇಲಿನ ಶಾದ್ವಲಕ್ರೀಡೆ, ಮರಳಿನ ವಾಲುಕಾಕ್ರೀಡೆ, ಬೆಳುದಿಂಗಳಿನ ಜ್ಯೋತ್ಸ್ನಾಕ್ರೀಡೆ ಎಂದು ಬಯಲಿನ ಸುಖಗಳಿಗೆ ಒಂದೊಂದು ಅಧ್ಯಾಯ. ಅಂಗಸಾಧನೆ ಒಂದು, ಬಯಲ ವಿಹಾರ ಒಂದು ಎಂದು ಎರಡನ್ನೂ ಬೇರೆ ಬೇರೆ ಗುರುತಿಸಿ, ಎರಡಕ್ಕೂ ಮಾನವಿತ್ತ ಗ್ರಂಥವಿದು. ಆದರೆ ವಿಹಾರ ಅರಸನದು, ಶ್ರಮ ಅರಸನಿಗಾಗಿ ಸಾಕಿದ ಮಲ್ಲರದು. ಪ್ರಜೆಗೆ ಅಲ್ಲಿ ನೋಟಕನ ಸ್ಥಾನ ಮಾತ್ರ.

ಪ್ರಜೆಯ ಮೈಕಸುವಿನ ದಾಖಲೆ ಬೇರೆ ಕಡೆ ಇದೆ. ಈ ಎರಡು ತಾಲ್ಲೂಕುಗಳ ಊರುಬಾಗಿಲಲ್ಲಿ, ಕೆರೆಯ ಏರಿಯಲ್ಲಿ, ಗುಡಿಯ ಪಕ್ಕದಲ್ಲಿ ವೀರಗಲ್ಲುಗಳಿವೆ. ತುರುಗೋಳಿನಲ್ಲಿ ದನ ಬಿಡಿಸಲು ಹೋದವನು, ಊರಳಿವಿನಲ್ಲಿ ಅಡ್ಡ ನಿಂತವನು, ಕಾಡುಮೃಗದೊಡನೆ ಹೋರಿದವನು, ಹೀಗೆ ಹೆಸರಿಲ್ಲದೆ ಹೋಗಬಹುದಾಗಿದ್ದ ಎಷ್ಟೋ ಜನ ಕಲ್ಲಿನಲ್ಲಿ ಉಳಿದಿದ್ದಾರೆ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರೊಡನೆ ಸ್ವರ್ಗಾರೋಹಣ, ಮೇಲೆ ದೇವಸಾನ್ನಿಧ್ಯ. ಸಾಮಾನ್ಯನ ದೇಹಬಲಕ್ಕೆ ಅಂದಿನ ಸಮಾಜ ಮನ್ನಣೆ ಕೊಡುತ್ತಿತ್ತು, ನಿಜ. ಆದರೆ ಸತ್ತ ಮೇಲೆ. ಬದುಕಿ ಆರೋಗ್ಯವಾಗಿದ್ದುದಕ್ಕೆ ಯಾರೂ ಕಲ್ಲು ನೆಡಿಸಲಿಲ್ಲ.

ಅರಸರು ಹೋದರೂ ಗರಡಿ ಉಳಿಯಿತು. ಎಣ್ಣೆ ಅರಿಸಿನ ಬೆರಸಿ ಹದಮಾಡಿದ ಮಣ್ಣು, ಗೋಡೆಯ ಮೇಲೆ ಆಂಜನೇಯ, ಮೂಲೆಯಲ್ಲಿ ಗದೆ ಮತ್ತು ಕಲ್ಲುಗುಂಡು, ದಂಡ ಬಸ್ಕಿಗಳ ಎಣಿಕೆ: ನಮ್ಮ ನಾಡಿನ ಗರಡಿಯ ಚಿತ್ರ ಸಾಮಾನ್ಯವಾಗಿ ಇದೇ. ಶಿಕಾರಿಪುರದ ಗ್ರಾಮದೈವ ಹುಚ್ಚರಾಯಸ್ವಾಮಿಯೂ ಆಂಜನೇಯನೇ. ಗರಡಿಯ ಹೊರಗೆ ಈ ಸೀಮೆಯದೇ ಆದ ಇನ್ನೆರಡು ಸಂಪ್ರದಾಯಗಳುಂಟು. ಒಂದು ಡೊಳ್ಳು ಕುಣಿತ. ಭಾರವಾದ ಡೊಳ್ಳನ್ನು ಸೊಂಟಕ್ಕೆ ಬಿಗಿದು ತಾಳ ತಪ್ಪದಂತೆ ಕುಣಿಯುವವನ ಉಸಿರು ಎಂಥದೆಂಬುದನ್ನು ಹತ್ತಿರದಿಂದ ನೋಡಿದವರೇ ಬಲ್ಲರು. ಇನ್ನೊಂದು ದೀಪಾವಳಿಯ ತರುವಾಯ ನಡೆಯುವ ಹೋರಿ ಬೆದರಿಸುವ ಹಬ್ಬ. ಕೊಬ್ಬರಿಯ ಸರ ಕಟ್ಟಿ ಸಿಂಗರಿಸಿದ ಹೋರಿಯನ್ನು ಓಡಲು ಬಿಟ್ಟು, ಆ ಕೊಬ್ಬರಿಯನ್ನು ಹರಿಯಲು ತರುಣರು ಮೈಮೇಲೆ ಬೀಳುತ್ತಾರೆ. ಅದರಲ್ಲಿ ಗಾಯವಾಗುವುದುಂಟು, ಸಾವೂ ಸಂಭವಿಸಿದ್ದುಂಟು. ವೀರಗಲ್ಲಿನ ಕೆಳಗಿನ ಪಟ್ಟಿಕೆ ಇನ್ನೂ ಪೂರ್ತಿ ಅಳಿಸಿಲ್ಲವೆಂದು ಅದನ್ನು ನೋಡಿದಾಗ ಅನ್ನಿಸುತ್ತದೆ. ಕಾಲೇಜಿನ ತರುಣರಲ್ಲಿ ಕಸುವಿಲ್ಲ, ಉತ್ಸಾಹವಿಲ್ಲ ಎಂದು ಗೊಣಗುವವರು ಒಮ್ಮೆ ಆ ಅಖಾಡದ ಬಳಿ ನಿಲ್ಲಬೇಕು. ಕಸುವಿದೆ, ಅದಕ್ಕೆ ಶಿಕ್ಷಣವಿಲ್ಲ.

ಆ ಶಿಕ್ಷಣ ನಮ್ಮ ವಿದ್ಯಾಶಾಲೆಗಳಿಗೆ ಹೇಗೆ ಬಂತೆಂಬುದನ್ನು ಇನ್ನು ನೋಡಬೇಕು. 1882ರ ಹಂಟರ್ ಶಿಕ್ಷಣ ಆಯೋಗ ಶಾಲೆಗಳಲ್ಲಿ ದೇಹಬಲವನ್ನು ಬೆಳೆಸಲು ದೇಶೀಯ ಆಟಗಳನ್ನೂ ಅಂಗಸಾಧನೆಯನ್ನೂ ಕವಾಯತನ್ನೂ ಪ್ರೋತ್ಸಾಹಿಸಬೇಕೆಂದು ಸಲಹೆ ಮಾಡಿತು. ಪಟ್ಟಿಯಲ್ಲಿ ಮೊದಲು ಬಂದದ್ದು ದೇಶೀಯ ಆಟ. ಶಾಲೆಯ ಅಂಗಳದಲ್ಲಿ ಮೊದಲು ಬಂದದ್ದು ಕವಾಯತು. ಕಾರಣ ಸರಳ. ಒಂದು ಸೀಟಿ, ಒಬ್ಬ ಮಾಜಿ ಸಿಪಾಯಿ, ಒಂದು ಬಯಲು ಇದ್ದರೆ ನೂರು ಹುಡುಗರಿಗೆ ಕವಾಯತು ಮಾಡಿಸಬಹುದು; ಆಟಕ್ಕೆ ಹಾಗಾಗದು. ಇಪ್ಪತ್ತನೆಯ ಶತಮಾನದಲ್ಲಿ ಗಾಳಿ ಸ್ವಲ್ಪ ಬದಲಾಯಿತು. ಎಚ್.ಸಿ. ಬಕ್ ಎಂಬ ಅಮೆರಿಕದವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವತಿಯಿಂದ ದೈಹಿಕ ಶಿಕ್ಷಣದ ಶಾಲೆಯನ್ನು ಆರಂಭಿಸಿದರು. ದೈಹಿಕ ಶಿಕ್ಷಣಕ್ಕೂ ತರಬೇತಾದ ಅಧ್ಯಾಪಕರು ಬೇಕೆಂಬ ತಿಳಿವಳಿಕೆ ದಕ್ಷಿಣದೇಶದಲ್ಲಿ ಹರಡಿದ್ದು ಆ ಶಾಲೆಯಿಂದ.

ಅದೇ ಕಾಲದಲ್ಲಿ ನಮ್ಮ ಮೈಸೂರು ಸಂಸ್ಥಾನದಲ್ಲಿ ನಡೆದ ಎರಡು ಪ್ರಯೋಗಗಳನ್ನು ಸಾಹಿತ್ಯಾಸಕ್ತರಾದ ಕೇಳುಗರು ವಿಶೇಷವಾಗಿ ನೆನೆಯಬೇಕು. ಮೊದಲನೆಯದು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತೆರೆದ ಯೋಗಶಾಲೆ. ಅದರ ಆಚಾರ್ಯರು ತಿರುಮಲೆ ಕೃಷ್ಣಮಾಚಾರ್ಯರು. ಅವರು ‘ಯೋಗಮಕರಂದ’ವನ್ನು ಬರೆದದ್ದು ಕನ್ನಡದಲ್ಲಿ, ಅವರ ‘ಯೋಗಾಸನಗಳು’ ಎಂಬ ಪುಸ್ತಕವನ್ನು 1941ರಲ್ಲಿ ಪ್ರಕಟಿಸಿದ್ದು ಮೈಸೂರು ವಿಶ್ವವಿದ್ಯಾನಿಲಯ. ಇಂದು ದೇಶದೇಶಗಳಲ್ಲಿ ಹಬ್ಬಿರುವ ಆಸನಾಭ್ಯಾಸದ ಒಂದು ಮುಖ್ಯ ಬೇರು ಕನ್ನಡ ಗದ್ಯದಲ್ಲಿದೆಯೆಂಬುದನ್ನು ನಾವೇ ಮರೆತಿದ್ದೇವೆ. ಎರಡನೆಯದು ಕೆ.ವಿ. ಅಯ್ಯರ್ ಅವರದು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃವೆಂದು ಓದುಗರು ಅವರನ್ನು ಬಲ್ಲರು. ಆದರೆ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಭಾರ ಎತ್ತುವ ಪಶ್ಚಿಮದ ಪದ್ಧತಿಯನ್ನೂ ನಮ್ಮ ಸೂರ್ಯನಮಸ್ಕಾರವನ್ನೂ ಹೊಂದಿಸಿ, ದೂರದ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಹೇಳಿದ ಆಚಾರ್ಯರು ಅವರು. ತಾಳಗುಂದದ ಶಾಸನದಲ್ಲಿ ಬೇರೆಬೇರೆಯಾಗಿ ಕಂಡ ಎರಡು ಕೈಗಳು ಅಯ್ಯರ್ ಅವರಲ್ಲಿ ಒಂದಾಗಿದ್ದವು. ಕಾದಂಬರಿ ಬರೆದ ಕೈಯೇ ಕಬ್ಬಿಣದ ಗುಂಡನ್ನೂ ಎತ್ತಿತ್ತು.

ಕಾಲೇಜುಗಳಲ್ಲಿ ನಡೆದದ್ದು ಬೇರೆ ಕಥೆ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ವಿಶ್ವವಿದ್ಯಾನಿಲಯಗಳ ಸೈನ್ಯದಳ ಹುಟ್ಟಿತು. ಸ್ವಾತಂತ್ರ್ಯಾನಂತರ, 1948ರಲ್ಲಿ, ಅದರ ಸ್ಥಾನದಲ್ಲಿ ಎನ್.ಸಿ.ಸಿ. ಬಂತು; ಮರುವರ್ಷ ಹುಡುಗಿಯರ ವಿಭಾಗವೂ ಸೇರಿತು. ಅದೇ ಹೊತ್ತಿಗೆ ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗ ಒಂದು ಸ್ಪಷ್ಟವಾದ ಮಾತನ್ನು ಹೇಳಿತು: ಅಶಕ್ತರನ್ನೂ ಎನ್.ಸಿ.ಸಿ.ಯಲ್ಲಿರುವವರನ್ನೂ ಬಿಟ್ಟು, ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲ ವಿದ್ಯಾರ್ಥಿಗಳಿಗೂ ಎರಡು ವರ್ಷಗಳ ದೈಹಿಕ ಶಿಕ್ಷಣ ಕಡ್ಡಾಯವಾಗಬೇಕು. ಮಾನಸೋಲ್ಲಾಸದ ಅರಸನಿಂದ, ವೀರಗಲ್ಲಿನ ಬಂಟನಿಂದ ಬಿಡಿಸಿಕೊಂಡು ಅಂಗಸಾಧನೆ ಪ್ರತಿಯೊಬ್ಬ ವಿದ್ಯಾರ್ಥಿಯ ಹಕ್ಕಾಗಬಹುದಾಗಿದ್ದ ಗಳಿಗೆ ಅದು. ಆ ಸಲಹೆ ದೇಶದಲ್ಲಿ ಎಲ್ಲೆಡೆಯೂ ಜಾರಿಗೆ ಬರಲಿಲ್ಲ. ಬಂದದ್ದು ಯುದ್ಧ. 1962ರ ಚೀನದ ಆಕ್ರಮಣದ ಬೆನ್ನಿಗೆ, 1963ರಲ್ಲಿ, ಎನ್.ಸಿ.ಸಿ. ಕಡ್ಡಾಯವಾಯಿತು; 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಗಾಂಧೀ ಶತಾಬ್ದಿಯ ವರ್ಷವಾದ 1969ರಲ್ಲಿ 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಒಂದರ ಗುರಿ ಶಿಸ್ತು, ಇನ್ನೊಂದರ ಗುರಿ ಸೇವೆ. ತನ್ನ ಮೈಯನ್ನು ತಾನು ಅರಿತು, ಜೀವನಪರ್ಯಂತ ಅದನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ವಿದ್ಯೆ ಇವೆರಡರ ನಡುವೆ ಎಲ್ಲಿಯೋ ಬಿದ್ದುಹೋಯಿತು.

ಆ ತೆರವನ್ನು ಪಂದ್ಯಗಳು ತುಂಬಿದವು. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಶಿವಮೊಗ್ಗ ಸೀಮೆಯ ಕಾಲೇಜುಗಳಿಗೆ ಹತ್ತಿರದಲ್ಲೇ ಒಂದು ಕ್ರೀಡಾವೇದಿಕೆ ದೊರೆತದ್ದು ಸಂತೋಷದ ಸಂಗತಿ. ಕಬಡ್ಡಿಯಲ್ಲಿ, ಖೋಖೋದಲ್ಲಿ, ಓಟದಲ್ಲಿ ನಮ್ಮ ಹಳ್ಳಿಯ ಮಕ್ಕಳು ಹೆಸರು ಮಾಡಬೇಕು. ಆದರೆ ಒಂದು ಕಬಡ್ಡಿ ತಂಡಕ್ಕೆ ಬೇಕಾದವರು ಅಂಕಣದಲ್ಲಿ ಏಳು ಜನ, ಹೊರಗೆ ಕಾದಿರುವವರು ಐದು ಜನ. ಕಾಲೇಜಿನಲ್ಲಿ ಇರುವವರು ನೂರಾರು. ಉಳಿದವರ ಪಾಲಿಗೆ ದೈಹಿಕ ಶಿಕ್ಷಣವೆಂದರೆ ಬೇಲಿಯ ಬಳಿ ನಿಂತು ಚಪ್ಪಾಳೆ ತಟ್ಟುವುದು. ಸುಮಾರು ಒಂಬೈನೂರು ವರ್ಷಗಳ ತರುವಾಯವೂ ಮಲ್ಲವಿನೋದದ ನೋಟಕ ಅಲ್ಲೇ ನಿಂತಿದ್ದಾನೆ.

ಯಾರು ಹೀಗೆ ಹೊರಗುಳಿಯುತ್ತಾರೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಆಟದ ಅಭ್ಯಾಸ ಸಾಮಾನ್ಯವಾಗಿ ನಡೆಯುವುದು ಪಾಠಗಳೆಲ್ಲ ಮುಗಿದ ಮೇಲೆ, ಸಂಜೆ. ಹಳ್ಳಿಯಿಂದ ಬರುವ ವಿದ್ಯಾರ್ಥಿ ಆ ಹೊತ್ತಿಗೆ ಬಸ್ಸು ನಿಲ್ದಾಣದಲ್ಲಿರುತ್ತಾನೆ. ಆ ಬಸ್ಸು ತಪ್ಪಿದರೆ ಊರು ಸೇರುವುದು ಕತ್ತಲೆಗೆ. ವಿದ್ಯಾರ್ಥಿನಿಗಂತೂ ಮನೆಯಲ್ಲಿ ಆ ಸ್ವಾತಂತ್ರ್ಯವೇ ಇಲ್ಲ. ಯಾವ ನಿಯಮವೂ ಅವರನ್ನು ಅಂಗಳಕ್ಕೆ ಬರಬೇಡಿರೆಂದು ತಡೆದಿಲ್ಲ, ತಡೆದದ್ದು ವೇಳಾಪಟ್ಟಿ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆಯ ಶಾಸನವೊಂದು ಹತ್ತನೆಯ ಶತಮಾನದ ಆರಂಭದಲ್ಲಿ, ಗಂಡನು ತೀರಿಕೊಂಡ ಮೇಲೆ, ನಾಗರಖಂಡ ಎಪ್ಪತ್ತರ ನಾಳ್ಗಾವುಂಡುತನವನ್ನು ವಹಿಸಿಕೊಂಡು ನಡೆಸಿದ ಜಕ್ಕಿಯಬ್ಬೆಯನ್ನು ಕೊಂಡಾಡುತ್ತದೆ. ಆ ನೆಲದ ಹೆಣ್ಣುಮಕ್ಕಳಿಗೆ ವಾರದಲ್ಲಿ ಮೂರು ದಿನ ನಿರ್ಭಯವಾಗಿ ಓಡಾಡಲು ಒಂದು ಅಂಗಳ, ಒಂದು ಹೊತ್ತು ಸಿಗಬಾರದೆ?

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ. ಗದ್ದೆ ತೋಟಗಳಲ್ಲಿ ದುಡಿಯುವವರ ಮಕ್ಕಳಿಗೆ ವ್ಯಾಯಾಮವೇಕೆ? ಅಡಿಕೆಯ ಮರ ಹತ್ತಿ ಕೊನೆ ಇಳಿಸುವವನಿಗೆ ಬಸ್ಕಿ ಕಲಿಸುವುದು ನಗೆಪಾಟಲಲ್ಲವೆ? ಅಧ್ಯಾಪಕರ ಸಭೆಗಳಲ್ಲಿಯೂ ನಾನು ಈ ಮಾತನ್ನು ಕೇಳಿದ್ದೇನೆ. ದುಡಿಮೆ ಬೇರೆ, ವ್ಯಾಯಾಮ ಬೇರೆ. ದುಡಿಮೆ ಕೆಲವು ಅಂಗಗಳನ್ನು ಸವೆಸುತ್ತದೆ, ಕೆಲವನ್ನು ಮರೆಯುತ್ತದೆ; ನಾಟಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿದ ಬೆನ್ನಿಗೆ ಬೇಕಾದದ್ದು ಇನ್ನಷ್ಟು ಬಗ್ಗುವುದಲ್ಲ, ಹಿಂದಕ್ಕೆ ಬಾಗುವುದು. ಅಲ್ಲದೆ ಉಳುವ ಕೆಲಸ ಟ್ರ್ಯಾಕ್ಟರಿಗೆ, ನಡೆಯುವ ಕೆಲಸ ಬಸ್ಸಿಗೆ ಮೋಟಾರು ಬೈಕಿಗೆ ವರ್ಗವಾಗಿ ಬಹುಕಾಲವಾಯಿತು. ಹಳ್ಳಿಯ ಹುಡುಗನ ಮೈ ಹಳ್ಳಿಯದೆಂಬ ನಂಬಿಕೆ ಈಗ ಅರ್ಧಸತ್ಯ.

ಹಾಗಾದರೆ ಬೇಕಾದದ್ದೇನು? ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ಸೂಚಿಸಿದ ಕನಿಷ್ಠ ಪ್ರಮಾಣ ವಾರಕ್ಕೆ 150 ನಿಮಿಷಗಳ ಮಧ್ಯಮ ಶ್ರಮ. ಐವತ್ತು ನಿಮಿಷದ ಮೂರು ಪಾಠಗಳಷ್ಟು ಹೊತ್ತು, ಅಷ್ಟೇ. ಅದು ಸಂಜೆಯ ಪಾಲಿಗೆ ಬೀಳದೆ ಕನ್ನಡ, ಅರ್ಥಶಾಸ್ತ್ರಗಳಂತೆ ವೇಳಾಪಟ್ಟಿಯ ಒಳಗೆ ಬರಬೇಕು. ಅಲ್ಲಿ ಕಲಿಸಬೇಕಾದದ್ದು ಗೆಲ್ಲುವುದನ್ನಲ್ಲ. ತನ್ನ ನಾಡಿಯನ್ನು ತಾನೇ ಎಣಿಸುವುದು, ಓಡುವ ಮೊದಲು ಮೈಯನ್ನು ಹದಕ್ಕೆ ತರುವುದು, ದಂಡ ಬಸ್ಕಿ ಆಸನಗಳನ್ನು ಕೀಲಿಗೆ ನೋವಾಗದಂತೆ ಮಾಡುವುದು, ಆರು ತಿಂಗಳ ಹಿಂದೆ ಒಂದು ಮೈಲಿಗೆ ಏದುಸಿರು ಬಿಟ್ಟವನು ಇಂದು ಎಷ್ಟು ಹಗುರವಾಗಿ ಓಡುತ್ತಾನೆಂದು ತಾನೇ ಬರೆದಿಡುವುದು. ಇಲ್ಲಿ ಎದುರಾಳಿ ಪಕ್ಕದವನಲ್ಲ, ನಿನ್ನೆಯ ತಾನು. ದುರ್ಬಲನೂ ಸ್ಥೂಲಕಾಯದವನೂ ನಾಚಿಕೆಯಿಲ್ಲದೆ ಸೇರಬಹುದಾದ ತರಗತಿಯಿದು.

ಇನ್ನು ಬಯಲ ವಿಹಾರ. ಇದರಲ್ಲಿ ಈ ಎರಡು ಊರುಗಳಷ್ಟು ಭಾಗ್ಯಶಾಲಿಗಳು ವಿರಳ. ಶಿಕಾರಿಪುರಕ್ಕೆ ಬೇಟೆಯಿಂದಲೇ ಆ ಹೆಸರು ಬಂತೆಂದು ಪ್ರತೀತಿ. ಬೇಟೆಯ ಕಾಲ ಮುಗಿಯಿತು, ಮುಗಿದದ್ದೇ ಒಳ್ಳೆಯದು. ಆದರೆ ಕಾಡಿನಲ್ಲಿ ಸದ್ದಿಲ್ಲದೆ ನಡೆಯುವ, ಹೆಜ್ಜೆ ಗುರುತು ಓದುವ ವಿದ್ಯೆ ಮುಗಿಯಬೇಕಾಗಿಲ್ಲ. ಸೊರಬ ತಾಲ್ಲೂಕಿನಲ್ಲಿ ಹಳೆಯ ಕೋಟೆಯನ್ನು ಹೊತ್ತ ಚಂದ್ರಗುತ್ತಿಯ ಬೆಟ್ಟವಿದೆ: ಸೋಮೇಶ್ವರನ ಭೂಧರಕ್ರೀಡೆಗೆ ತಕ್ಕ ನೆಲೆ. ಗುಡವಿಯ ಪಕ್ಷಿಧಾಮದಲ್ಲಿ ಮಳೆಗಾಲದಲ್ಲೂ ಅದರ ಬೆನ್ನಿಗೂ ಬೆಳ್ಳಕ್ಕಿ, ನೀರುಕಾಗೆ, ಕೆಂಬರಲುಗಳು ಗೂಡು ಕಟ್ಟುತ್ತವೆ. ತಾಳಗುಂದ, ಬಳ್ಳಿಗಾವಿ, ಬಂದಳಿಕೆ, ಅಕ್ಕಮಹಾದೇವಿಯ ಉಡುತಡಿ, ಕುಬಟೂರು: ಚರಿತ್ರೆಯ ಪಾಠವನ್ನೂ ಕಾಲಿನ ಪಾಠವನ್ನೂ ಒಟ್ಟಿಗೆ ಹೇಳಬಲ್ಲ ಊರುಗಳು ಎಷ್ಟೊಂದು! ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ನಾವು ತರಗತಿಯಲ್ಲಿ ಕುಳಿತು ಓದಿಸುವ ಪುಸ್ತಕ. ಅದು ಹುಟ್ಟಿದ್ದು ಕುಳಿತಲ್ಲಲ್ಲ, ಕಾಡುಮೇಡು ಅಲೆದಲ್ಲಿ. ವಿದ್ಯಾರ್ಥಿಗಳ ಸಣ್ಣದೊಂದು ಗುಂಪು ಬುತ್ತಿ ಕಟ್ಟಿಕೊಂಡು, ದೈಹಿಕ ಶಿಕ್ಷಣದ ನಿರ್ದೇಶಕರೊಡನೆ ಒಬ್ಬ ಕನ್ನಡದ ಅಧ್ಯಾಪಕರನ್ನೋ ಸಸ್ಯಶಾಸ್ತ್ರದವರನ್ನೋ ಕರೆದುಕೊಂಡು, ಮಾಗಿಯ ಒಂದು ಬೆಳಗ್ಗೆ ಹೊರಟರೆ ಸಾಕು. ಇದಕ್ಕೆ ಕಟ್ಟಡ ಬೇಡ, ಉಪಕರಣ ಬೇಡ. ಬೇಕಾದದ್ದು ಮನಸ್ಸು, ಎಚ್ಚರಿಕೆ, ಪ್ರಥಮ ಚಿಕಿತ್ಸೆಯ ಒಂದು ಪೆಟ್ಟಿಗೆ. ಕೆರೆ ಹೊಳೆಗಳಿಗೆ ಇಳಿಯುವುದಾದರೆ ಈಜು ಬಲ್ಲ ಒಬ್ಬ ಕಾವಲುಗಾರ.

2019ರ ಆಗಸ್ಟ್ 29ರಂದು ಫಿಟ್ ಇಂಡಿಯಾ ಎಂಬ ಆಂದೋಲನ ಆರಂಭವಾಯಿತು. 2015ರಿಂದ ಪ್ರತಿ ಜೂನ್ 21ರಂದು ಯೋಗದಿನವನ್ನು ಆಚರಿಸುತ್ತಿದ್ದೇವೆ. ದಿನಾಚರಣೆಗಳು ನೆನಪು ಮಾಡಿಕೊಡಬಲ್ಲವು, ಅಭ್ಯಾಸ ಮಾಡಿಸಲಾರವು. ಅಭ್ಯಾಸ ಮಾಡಿಸಬೇಕಾದದ್ದು ವಿದ್ಯಾಶಾಲೆ. ಕೋಡಿಯಮಠ ತನ್ನ ಕಾಲಕ್ಕೆ ಸಾಧ್ಯವಾದ ಎಲ್ಲ ವಿದ್ಯೆಗಳಿಗೂ ಬಾಗಿಲು ತೆರೆಯಿತು. ಹಸಿದವನಿಗೂ ರೋಗಿಗೂ ಅಲ್ಲಿ ಎಡೆಯಿತ್ತು. ಒಂದು ವಿದ್ಯೆಯನ್ನು ಮಾತ್ರ ಅದು ಅರಮನೆಗೂ ಗರಡಿಗೂ ಬಿಟ್ಟುಕೊಟ್ಟಿತು. ಆ ಒಂದು ವಿದ್ಯೆಯನ್ನು ಒಳಕ್ಕೆ ಕರೆದು, ಸಂಜೆಯ ಬಸ್ಸಿಗೆ ಓಡುವ ಹುಡುಗಿಗೂ ದಕ್ಕುವಂತೆ ಹಂಚುವ ಕೆಲಸ ಇಂದಿನ ಶಿಕಾರಿಪುರದ, ಸೊರಬದ, ನಾಡಿನ ಎಲ್ಲ ಊರುಗಳ ಕಾಲೇಜುಗಳ ಪಾಲಿಗೆ ಉಳಿದಿದೆ.